ಕುರುಕ್ಷೇತ್ರದ ಕರಪತ್ರ, ಪಾಠದ ಸಾರಾಂಶ

ಪಾಠ ಮುಗಿದ ಮೇಲೆ ಅದರ ತಿರುಳನ್ನು ಮಕ್ಕಳಿಂದಲೇ ಹೇಳಿಸಲು ಸಿನಿಮಾ, ಕ್ರಿಕೆಟ್, ರೀಲ್ಸ್, ಮೀಮ್‌ಗಳಂಥ ಜನಪ್ರಿಯ ರೂಪಗಳನ್ನು ಬಳಸುವ ಕ್ರಮ ಇಂದು ಹಲವು ದೇಶಗಳ ತರಗತಿಗಳಲ್ಲಿ ರೂಢಿಗೆ ಬಂದಿದೆ. ವಿಜ್ಞಾನದ ಅಧ್ಯಾಯಕ್ಕೊಂದು ಸಿನಿಮಾ ಪೋಸ್ಟರ್, ಇತಿಹಾಸದ ಪಾಠಕ್ಕೊಂದು ವಾಟ್ಸ್‌ಆ್ಯಪ್ ಗುಂಪಿನ ಸಂಭಾಷಣೆ, ಗಣಿತದ ಸೂತ್ರಕ್ಕೊಂದು ಮೀಮ್ ಹೀಗೆ. ಮೇಲುನೋಟಕ್ಕೆ ಇದು ಮೊಬೈಲ್ ಕಾಲದ ಹೊಸ ಹುರುಪು ಎನ್ನಿಸುತ್ತದೆ. ಆದರೆ ಹುತ್ರಿದುರ್ಗದ ಸುತ್ತಿನ ಕುಣಿಗಲ್, ಗುಬ್ಬಿ, ತುಮಕೂರು ಸೀಮೆಯಲ್ಲಿ ಇದರ ಬೇರು ಹಳೆಯದು. ಇಲ್ಲಿನ ಊರ ನಾಟಕದ ಕರಪತ್ರದಲ್ಲಿ, ರಂಗಗೀತೆಯ ಮಟ್ಟಿನಲ್ಲಿ, ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಿ ದೊಡ್ಡದನ್ನು ಚಿಕ್ಕದಾಗಿ ಹೇಳುವ ಕಲೆ ಬಹಳ ಕಾಲದಿಂದ ಪಳಗಿದೆ. ಶಾಲೆ ಅದನ್ನು ತನ್ನದೆಂದು ಗುರುತಿಸಿಕೊಂಡಿಲ್ಲ, ಅಷ್ಟೆ.

ಸಾರಾಂಶ ಬರೆಯುವುದು ಮಕ್ಕಳಿಗೆ ಸುಲಭದ ಕೆಲಸವಲ್ಲ. ಅಮೆರಿಕದ ಸಂಶೋಧಕಿಯರಾದ ಆ್ಯನ್ ಬ್ರೌನ್ ಮತ್ತು ಜೀನ್ ಡೇ 5ನೇ ತರಗತಿಯಿಂದ ಕಾಲೇಜಿನವರೆಗಿನ ವಿದ್ಯಾರ್ಥಿಗಳಿಂದ ಸಾರಾಂಶ ಬರೆಸಿ, 1983ರಲ್ಲಿ ಅದರ ವಿವರ ಪ್ರಕಟಿಸಿದರು. ಅವರ ಪ್ರಕಾರ ಸಾರಾಂಶದ ಹಿಂದೆ ಕೆಲವು ಕೆಲಸಗಳು ಅಡಗಿವೆ: ಮುಖ್ಯವಲ್ಲದ್ದನ್ನು ಬಿಡುವುದು, ಎರಡೆರಡು ಸಲ ಬಂದದ್ದನ್ನು ಬಿಡುವುದು, ಬಿಡಿ ಹೆಸರುಗಳ ಪಟ್ಟಿಯ ಬದಲು ಅವನ್ನೆಲ್ಲ ಒಳಗೊಳ್ಳುವ ಒಂದು ಹೆಸರು ಹಾಕುವುದು, ಪ್ಯಾರಾದ ಮುಖ್ಯ ವಾಕ್ಯವನ್ನು ಆರಿಸಿಕೊಳ್ಳುವುದು, ಅಂಥ ವಾಕ್ಯ ಪಾಠದಲ್ಲಿ ಇಲ್ಲದಿದ್ದರೆ ತಾನೇ ಒಂದನ್ನು ಕಟ್ಟುವುದು. ಬಿಡುವ ಕೆಲಸ ಚಿಕ್ಕ ಮಕ್ಕಳಿಗೂ ಒಗ್ಗುತ್ತದೆ. ಕೊನೆಯದು, ತಾನೇ ವಾಕ್ಯ ಕಟ್ಟುವುದು, ಎಲ್ಲಕ್ಕಿಂತ ಕಷ್ಟ. ಚಿಕ್ಕವರು ಸಾಮಾನ್ಯವಾಗಿ ಪುಸ್ತಕದ ಸಾಲುಗಳನ್ನೇ ಇಳಿಸಿಕೊಂಡು, ನಡುನಡುವೆ ಒಂದಷ್ಟನ್ನು ಹಾರಿಸಿ, ಅದನ್ನೇ ಸಾರಾಂಶವೆಂದು ಒಪ್ಪಿಸುತ್ತಾರೆ.

ಕರ್ನಾಟಕದ ಶಾಲೆಗಳಲ್ಲಿ ಈ ಚಿತ್ರ ಎಲ್ಲರಿಗೂ ಪರಿಚಿತ. ಪದ್ಯದ ಸಾರಾಂಶ ಬರೆಯಿರಿ ಎಂಬ ಪ್ರಶ್ನೆಗೆ ಉತ್ತರ ಗೈಡಿನಲ್ಲಿ ಸಿದ್ಧವಾಗಿರುತ್ತದೆ. ವಿಜ್ಞಾನಕ್ಕೆ, ಸಮಾಜಕ್ಕೆ ನೋಟ್ಸ್ ಇರುತ್ತದೆ. ಬೋರ್ಡಿನ ಮೇಲೆ ಬರೆದದ್ದು ನೋಟ್‌ಬುಕ್ಕಿಗೆ, ಅಲ್ಲಿಂದ ಉತ್ತರಪತ್ರಿಕೆಗೆ ಹೋಗುತ್ತದೆ. ದಾರಿಯಲ್ಲಿ ಎಲ್ಲಿಯೂ ಮಗು ‘ಇದರಲ್ಲಿ ಮುಖ್ಯವಾದದ್ದು ಯಾವುದು’ ಎಂದು ತಾನಾಗಿ ತೀರ್ಮಾನಿಸಬೇಕಾಗಿ ಬರುವುದಿಲ್ಲ. ಕಲಿಕೆ ನಡೆಯುವುದೇ ಆ ತೀರ್ಮಾನದಲ್ಲಿ. ಜನಪ್ರಿಯ ರೂಪಗಳು ಉಪಯೋಗಕ್ಕೆ ಬರುವುದೂ ಅಲ್ಲಿಯೇ, ಏಕೆಂದರೆ ಅವುಗಳಲ್ಲಿ ಜಾಗ ಕಡಿಮೆ. ಪೋಸ್ಟರಿನಲ್ಲಿ ಹತ್ತು ಪ್ಯಾರಾ ಹಿಡಿಸುವುದಿಲ್ಲ. ಗೈಡಿನ ಸಾಲುಗಳನ್ನು ಇದ್ದಂತೆಯೇ ತಂದು ಹಾಕಲು ಬರುವುದಿಲ್ಲ. ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂದು ಮಗು ಯೋಚಿಸಲೇಬೇಕಾಗುತ್ತದೆ.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ಜಾತ್ರೆ, ಹಬ್ಬಗಳಿಗೆ ಪೌರಾಣಿಕ ನಾಟಕ ಆಡುತ್ತಾರೆ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ತಿಂಗಳುಗಟ್ಟಲೆ ಕಲಿಸುತ್ತಾರೆ; ಹೊಲದ ಕೆಲಸ, ಅಂಗಡಿ, ಆಫೀಸು ಮುಗಿಸಿ ಬಂದವರು ಕಲಿಯುತ್ತಾರೆ. ಆಟದ ಮುಂಚೆ ಕರಪತ್ರ ಅಚ್ಚಾಗುತ್ತದೆ. ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’, ‘ರಾಜಾ ಸತ್ಯವ್ರತ ಅಥವಾ ಶನಿಪ್ರಭಾವ’ ಎಂದು ಅದರ ನೆತ್ತಿಯ ಮೇಲೆ ಹೆಸರು. ‘ಅಥವಾ’ದ ಎಡಕ್ಕೆ ನಡೆದದ್ದು ಅಥವಾ ನಾಯಕ, ಬಲಕ್ಕೆ ಅದರ ಫಲ ಅಥವಾ ಕಾರಣ. ರಾತ್ರಿಯಿಡೀ ನಡೆಯುವ ಆಟದ ಅರ್ಥ ಒಂದು ಸಾಲಿನಲ್ಲಿ ಬಂದಿದೆ. ಬ್ರೌನ್ ಮತ್ತು ಡೇ ಎಲ್ಲಕ್ಕಿಂತ ಕಷ್ಟವೆಂದ ಕೆಲಸವನ್ನು, ಅಂದರೆ ಪಾಠದಲ್ಲಿ ಇಲ್ಲದ ಮುಖ್ಯ ವಾಕ್ಯವನ್ನು ತಾನೇ ಕಟ್ಟುವುದನ್ನು, ಈ ಎರಡು ತಲೆಯ ಶೀರ್ಷಿಕೆ ತಾನಾಗಿ ಮಾಡಿಸುತ್ತದೆ. ಯಾವ ಪಾಠಕ್ಕಾದರೂ ‘ಅಥವಾ’ ಸೇರಿಸಿ ಹೆಸರಿಡಿ ಎಂದು ಹೇಳಿದರೆ ಸಾಕು. ‘ದ್ಯುತಿಸಂಶ್ಲೇಷಣೆ ಅಥವಾ ಬಿಸಿಲಿನಿಂದ ಆಹಾರ’ ಎಂದು ಬರೆದ ಹುಡುಗಿಗೆ ಪಾಠ ಹತ್ತಿದೆ. ‘ದ್ಯುತಿಸಂಶ್ಲೇಷಣೆ ಅಥವಾ ಹಸಿರು ಎಲೆ’ ಎಂದು ಬರೆದವನಿಗೆ ಎಲೆ ನೆನಪಿದೆ, ಅದು ಮಾಡುವ ಕೆಲಸ ಇನ್ನೂ ಸಿಕ್ಕಿಲ್ಲ. ಶಿಕ್ಷಕರಿಗೆ ಇದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹೆಸರಿನ ಕೆಳಗೆ ಪಾತ್ರವರ್ಗ. ಹಳ್ಳಿಯ ಕರಪತ್ರಗಳಲ್ಲಿ ‘1ನೇ ಕೃಷ್ಣ’, ‘2ನೇ ಕೃಷ್ಣ’, ‘1ನೇ ದುರ್ಯೋಧನ’, ‘2ನೇ ದುರ್ಯೋಧನ’ ಎಂದು ಒಂದೇ ಪಾತ್ರಕ್ಕೆ ಇಬ್ಬರು ಮೂವರ ಹೆಸರಿರುತ್ತದೆ. ಆಟದ ಒಂದೊಂದು ಭಾಗ ಒಬ್ಬೊಬ್ಬರದು. ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಬರುವ ಎರಡನೇ ಆಂಗ್ಲೋ–ಮೈಸೂರು ಯುದ್ಧಕ್ಕೆ ಈ ಪದ್ಧತಿ ಹೇಳಿ ಮಾಡಿಸಿದಂತಿದೆ. ಆ ಯುದ್ಧ ನಡೆದದ್ದು 1780ರಿಂದ 1784ರವರೆಗೆ. ನಡುವೆ, 1782ರ ಡಿಸೆಂಬರ್‌ನಲ್ಲಿ, ಹೈದರ್ ಅಲಿ ತೀರಿಕೊಂಡ, ಟಿಪ್ಪು ಮುಂದುವರಿಸಿದ. ಪರೀಕ್ಷೆಯಲ್ಲಿ ಮಕ್ಕಳು ಇದನ್ನು ಕಲಸುಮೇಲೋಗರ ಮಾಡುತ್ತಾರೆ. ಕರಪತ್ರದಲ್ಲಿ ‘1ನೇ ನಾಯಕ: ಹೈದರ್ ಅಲಿ, 2ನೇ ನಾಯಕ: ಟಿಪ್ಪು ಸುಲ್ತಾನ್’ ಎಂದು ಒಮ್ಮೆ ಬರೆದ ಮಗು ಅದನ್ನು ಮರೆಯುವುದು ಕಡಿಮೆ.

ಮೂರನೇ ಯುದ್ಧಕ್ಕೆ ಬಂದರೆ ಹುತ್ರಿದುರ್ಗದ ಮಕ್ಕಳಿಗೆ ಕರಪತ್ರದಲ್ಲಿ ತಮ್ಮೂರನ್ನೇ ಹಾಕುವ ಅವಕಾಶವಿದೆ. ಕೆಂಪೇಗೌಡನ ಕಾಲದ ಕೋಟೆಯೆಂದು ಹೆಸರಾದ, ನವದುರ್ಗಗಳಲ್ಲಿ ಒಂದಾದ ಈ ಬೆಟ್ಟವನ್ನು 1791ರ ಡಿಸೆಂಬರ್‌ನಲ್ಲಿ, ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ, ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಕಡೆಗೆ ಸಾಗುವ ಸೈನ್ಯಕ್ಕೆ ಹಿಂದಿನಿಂದ ಸರಬರಾಜು ಬರುವ ದಾರಿ ತೆರೆದಿರಬೇಕಾದರೆ ಬೆಟ್ಟದ ಕೋಟೆಗಳು ಎದುರಾಳಿಯ ಕೈಯಲ್ಲಿ ಉಳಿಯಬಾರದಿತ್ತು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು: ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. ಇದನ್ನೆಲ್ಲ ಹಿಡಿಸುವ ಕರಪತ್ರವೊಂದು ಹೀಗಿರಬಹುದು:

‘ಮೂರನೇ ಮೈಸೂರು ಯುದ್ಧ ಅಥವಾ ಅರ್ಧ ರಾಜ್ಯದ ಒಪ್ಪಂದ ಎಂಬ ಐತಿಹಾಸಿಕ ನಾಟಕ. ಕಾಲ: 1790ರಿಂದ 1792. ಟಿಪ್ಪು ಸುಲ್ತಾನ್: ಮೈಸೂರಿನ ದೊರೆ. ಕಾರ್ನ್‌ವಾಲಿಸ್: ಕಂಪನಿಯ ಗವರ್ನರ್ ಜನರಲ್. ನಿಜಾಮ, ಮರಾಠರು: ಕಂಪನಿಯ ಜೊತೆಗಾರರು. ಸಾವನದುರ್ಗ, ಹುತ್ರಿದುರ್ಗ: ದಾರಿ ಕಾಯುವ ಕೋಟೆಗಳು. ಕೊನೆಯ ದೃಶ್ಯ: ಇಬ್ಬರು ರಾಜಕುಮಾರರು ಒತ್ತೆ.’

ಮೂವತ್ತು ಚಿಲ್ಲರೆ ಪದಗಳಲ್ಲಿ ಯಾರು, ಯಾವಾಗ, ಯಾರ ಕಡೆ, ಕೊನೆಗೆ ಏನಾಯಿತು ಎಲ್ಲವೂ ಬಂದವು. ಏಕೆ ನಡೆಯಿತು ಎಂಬುದು ಬರಲಿಲ್ಲ. ಟಿಪ್ಪು ತಿರುವಾಂಕೂರಿನ ಮೇಲೆ ಮಾಡಿದ ದಾಳಿ ಈ ಯುದ್ಧಕ್ಕೆ ನೆಪವಾಯಿತು ಎಂಬ ಮಾತಿಗೆ ಈ ಕರಪತ್ರದಲ್ಲಿ ಜಾಗವೇ ಇಲ್ಲ. ಪಾತ್ರವರ್ಗ ಎಂಬ ರೂಪದ ಮಿತಿ ಅದು: ಜನ, ಜಾಗ, ಫಲಿತಾಂಶಕ್ಕೆ ಒಳ್ಳೆಯದು, ಕಾರಣಕ್ಕೆ ಅಷ್ಟಕ್ಕಷ್ಟೆ. ಕಾರಣ ಬೇಕಾದರೆ ಬೇರೆ ರೂಪ ಹುಡುಕಬೇಕು, ಅದೂ ಹತ್ತಿರದಲ್ಲೇ ಸಿಗುತ್ತದೆ. ಹಿಂದೆ ಟಾಕೀಸುಗಳ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಹಾಡುಗಳ ಜೊತೆ ‘ಕಥಾಸಾರಾಂಶ’ ಎಂಬ ಭಾಗ ಇರುತ್ತಿತ್ತು. ಕಥೆಯನ್ನು ಮುಕ್ಕಾಲುಪಾಲು ಹೇಳಿ, ಮುಂದೇನಾಯಿತು ಎಂಬುದನ್ನು ತೆರೆಯ ಮೇಲೆ ನೋಡಿ ಎಂದು ನಿಲ್ಲಿಸುವುದು ಅದರ ಕ್ರಮ. ಓದುಗರಿಗೆ ಕುತೂಹಲ ಉಳಿಯಬೇಕಾದರೆ ಒಂದು ಘಟನೆ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟದ್ದನ್ನು ತೋರಿಸಲೇಬೇಕು. ಆದ್ದರಿಂದ ಕಾರಣ–ಪರಿಣಾಮ ಇರುವ ಪಾಠಗಳಿಗೆ ಕಥಾಸಾರಾಂಶ ಹೊಂದುತ್ತದೆ. ಒಬ್ಬರು ಬರೆದು ನಿಲ್ಲಿಸಿದ ಕಥಾಸಾರಾಂಶದ ಕೊನೆಯನ್ನು ಪಕ್ಕದ ಬೆಂಚಿನವರು ತುಂಬಿದರೆ ಇಬ್ಬರ ತಿಳಿವಳಿಕೆಯೂ ಪರೀಕ್ಷೆಗೆ ಬಂತು.

ಇನ್ನೊಂದು ಹಳೆಯ ಉಪಾಯ ಮಟ್ಟು. ಜನರ ಬಾಯಲ್ಲಿ ನಲಿಯುವ ಹಾಡಿನ ಧಾಟಿಗೆ ಹೊಸ ಮಾತು ಕೂಡಿಸುವುದು ಕನ್ನಡದಲ್ಲಿ ಎಷ್ಟು ಸಹಜವೆಂದರೆ, ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚು ಮಾಡುತ್ತಿದ್ದರು. ಈ ಕಲೆಯ ದೊಡ್ಡ ಮನೆ ಗುಬ್ಬಿ. ಅಲ್ಲಿನ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿತು. ಬಾಲನಟನಾಗಿ ಸೇರಿದ ಗುಬ್ಬಿ ವೀರಣ್ಣ ಮುಂದೆ ಅದರ ಒಡೆಯರಾಗಿ ನಾಡಿನಾದ್ಯಂತ ಹೆಸರು ಮಾಡಿದರು. ಅವರ ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದವು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಆ ಕಂಪನಿಯಲ್ಲಿ ಪಳಗಿದವರು, ಬಿ.ವಿ. ಕಾರಂತರು ಹುಡುಗನಾಗಿ ಅಲ್ಲಿ ಸೇರಿ, ಮುಂದೆ ರಂಗಸಂಗೀತದ ದಿಕ್ಕನ್ನೇ ಬದಲಿಸಿದರು, ಮಕ್ಕಳ ನಾಟಕಕ್ಕೂ ದುಡಿದರು. ಕಂಪನಿ ನಾಟಕಗಳ ಸಂಗೀತಕ್ಕೆ ಪಾರ್ಸಿ, ಮರಾಠಿ ರಂಗಭೂಮಿಯ ಧಾಟಿಗಳು ಸಲೀಸಾಗಿ ಬಂದು ಸೇರಿದ್ದವು. ಅಂದಿನ ಜನಪ್ರಿಯ ಸಂಸ್ಕೃತಿ ಅದೇ. ಸ್ವಾತಂತ್ರ್ಯ ಚಳವಳಿಯ ಹಾಡುಗಳು, 1990ರ ಸುಮಾರಿನ ಸಾಕ್ಷರತಾ ಕಲಾಜಾಥಾಗಳು ಇದೇ ದಾರಿ ಹಿಡಿದವು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ–ಕಲಿಯೂ ಹಾಡು, ಕಥೆ, ಆಟಗಳನ್ನು ಕಲಿಕೆಯ ಒಳಗೇ ತಂದಿತು.

ಧಾಟಿ ನೆನಪಿಗೆ ನಿಜವಾಗಿ ನೆರವಾಗುತ್ತದೆಯೇ? ವಾಂಡಾ ವ್ಯಾಲೇಸ್ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹೌದು ಎಂಬ ಉತ್ತರದ ಜೊತೆ ಒಂದು ಷರತ್ತೂ ಬಂತು. ಒಂದೇ ಸರಳ ಧಾಟಿ ಹಲವು ನುಡಿಗಳಿಗೆ ಮತ್ತೆ ಮತ್ತೆ ಬಂದಾಗ ಸಾಹಿತ್ಯ ಚೆನ್ನಾಗಿ ನೆನಪಿನಲ್ಲಿ ಉಳಿಯಿತು. ಒಂದೇ ನುಡಿಯನ್ನು ಹೊಸ ಧಾಟಿಯಲ್ಲಿ ಕೇಳಿಸಿದಾಗ ಆ ಲಾಭ ಸಿಗಲಿಲ್ಲ. ಧಾಟಿಯನ್ನೇ ಕಲಿಯಬೇಕಾದರೆ ಮನಸ್ಸಿನ ಶಕ್ತಿ ಅದಕ್ಕೇ ಖರ್ಚಾಗುತ್ತದೆ. ಆದ್ದರಿಂದ ಮಕ್ಕಳಿಗೆ ಆಗಲೇ ಬಾಯಿಗೆ ಬರುವ ಹಾಡು ಬೇಕು, ಚರಣ ಚರಣಕ್ಕೂ ಅದೇ ಧಾಟಿ ಮರಳಬೇಕು. ಕುಣಿಗಲ್ ಕೆರೆಯನ್ನು ಹಾಡಿ ಹೊಗಳುವ ಪ್ರಸಿದ್ಧ ಜನಪದ ಗೀತೆ ಈ ಸೀಮೆಯ ಮಕ್ಕಳಿಗೆ ಹೊಸದಲ್ಲ. ಜಲಚಕ್ರದ ಪಾಠವನ್ನು ಆ ಮಟ್ಟಿಗೆ ಕೂಡಿಸಲು ಹೊರಟರೆ ಆವಿ, ಮೋಡ, ಮಳೆ, ಅಂತರ್ಜಲಕ್ಕೆ ಒಂದೊಂದು ಚರಣ ಸಾಕು. ಕೆರೆಗೆ ನೀರು ಬಂದು ಮತ್ತೆ ಆವಿಯಾಗುವಲ್ಲಿ ಹಾಡೂ ಮೊದಲಿಗೆ ಮರಳುತ್ತದೆ. ಈ ವರ್ಷ ಹಿಟ್ ಆದ ಸಿನಿಮಾ ಹಾಡೂ ಆಗಬಹುದು, ಆದರೆ ನಡುವೆ ತಾಳ ಮುರಿಯುವ, ಒಂದೊಂದು ಸಾಲೂ ಬೇರೆ ಉದ್ದ ಇರುವ ಹಾಡು ಎಷ್ಟೇ ಜನಪ್ರಿಯವಾದರೂ ಈ ಕೆಲಸಕ್ಕೆ ಬರುವುದಿಲ್ಲ.

ಇಂದಿನ ರೂಪಗಳಲ್ಲಿ ತರಗತಿಗೆ ಒಗ್ಗುವಂಥವು ಸಾಕಷ್ಟಿವೆ. ಕುಣಿಗಲ್ಲಿನ ಯಾವ ವೃತ್ತಕ್ಕೆ ಹೋದರೂ ಕಾಣುವ ಫ್ಲೆಕ್ಸ್ ಅವುಗಳಲ್ಲಿ ಒಂದು. ನೆತ್ತಿಯ ಮೇಲೆ ಆಶೀರ್ವಾದ ಮಾಡುವ ಹಿರಿಯರ ಸಾಲು, ನಡುವೆ ಹುಟ್ಟುಹಬ್ಬದವರ ದೊಡ್ಡ ಚಿತ್ರ, ಕೆಳಗೆ ‘ಶುಭ ಕೋರುವವರು’. ಚಿತ್ರದ ಗಾತ್ರವೇ ಅಲ್ಲಿ ಸ್ಥಾನವನ್ನು ಹೇಳುತ್ತದೆ, ಮಕ್ಕಳಿಗೆ ಈ ವ್ಯಾಕರಣ ಯಾರೂ ಹೇಳಿಕೊಡದೆಯೇ ಗೊತ್ತು. ದ್ಯುತಿಸಂಶ್ಲೇಷಣೆಗೆ ಫ್ಲೆಕ್ಸ್ ಮಾಡಿ ಎಂದರೆ ಸೂರ್ಯ ನೆತ್ತಿಗೋ ನಡುವಿಗೋ, ಪತ್ರಹರಿತ್ತಿನ ಚಿತ್ರ ಎಷ್ಟು ದೊಡ್ಡದು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಎಲ್ಲಿ, ಆಕ್ಸಿಜನ್ ಶುಭ ಕೋರುವವರ ಸಾಲಿನಲ್ಲೋ ಹಂಚುವ ಸಿಹಿಯಲ್ಲೋ ಎಂಬ ಚರ್ಚೆ ಎದ್ದೇ ಏಳುತ್ತದೆ. ಆ ಚರ್ಚೆಯೇ ಪಾಠದ ಪುನರಾವರ್ತನೆ. ಎ4 ಹಾಳೆ, ಎರಡು ಸ್ಕೆಚ್ ಪೆನ್ನು ಇದ್ದರೆ ಆಯಿತು.

ಕ್ರಿಕೆಟ್ಟಿನ ಅಂಕಪಟ್ಟಿ ಇನ್ನೊಂದು. ನಾಲ್ಕು ಆಂಗ್ಲೋ–ಮೈಸೂರು ಯುದ್ಧಗಳನ್ನು ಒಂದು ಸರಣಿಯೆಂದು ಬರೆಯುವಾಗ ಮೂರನೆಯದೂ ನಾಲ್ಕನೆಯದೂ ಸುಲಭ. ಮೊದಲನೆಯದರ ಮುಂದೆ ಗೆಲುವು ಎಂದು ಬರೆಯಬೇಕೋ ಡ್ರಾ ಎಂದೋ? ಹೈದರ್ ಅಲಿ ಮದ್ರಾಸಿನ ಬಾಗಿಲಿಗೇ ಹೋಗಿ 1769ರಲ್ಲಿ ಒಪ್ಪಂದ ಮಾಡಿಸಿಕೊಂಡ. ಆದರೆ ಗೆದ್ದ ಜಾಗಗಳನ್ನು ಎರಡೂ ಕಡೆಯವರು ಹಿಂದಿರುಗಿಸಿದರು. 1784ರ ಮಂಗಳೂರು ಒಪ್ಪಂದವೂ ಇಂಥದೇ. ಇತಿಹಾಸದಲ್ಲಿ ಫಲಿತಾಂಶ ಎಂದರೇನು ಎಂಬ ಗಟ್ಟಿ ಪ್ರಶ್ನೆಯನ್ನು ಹದಿನೈದು ವರ್ಷದ ಮಕ್ಕಳು ಅಂಕಪಟ್ಟಿಯ ನೆಪದಲ್ಲಿ ಚರ್ಚಿಸಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಆದರೂ ಈ ರೂಪವನ್ನು ಎಚ್ಚರದಿಂದ ಹಿಡಿಯಬೇಕು. ಯುದ್ಧದಲ್ಲಿ ಸತ್ತವರು, ಸುಟ್ಟ ಬೆಳೆ, ಊರು ಬಿಟ್ಟವರು ಸ್ಕೋರಿನಲ್ಲಿ ಕಾಣುವುದಿಲ್ಲ. ಅಂಕಪಟ್ಟಿಯ ಕೆಳಗೆ ‘ಇದರಲ್ಲಿ ಏನು ಬಂದಿಲ್ಲ’ ಎಂದು ಒಂದು ಸಾಲು ಬರೆಸುವುದನ್ನು ಬಿಡಬಾರದು.

ಎರಡು ಚೌಕದ ಮೀಮ್ ಹೋಲಿಕೆ, ವ್ಯತ್ಯಾಸಗಳಿಗೆ ಸರಿ: ಜನ ಅಂದುಕೊಂಡದ್ದು ಎಡಕ್ಕೆ, ನಿಜ ಬಲಕ್ಕೆ. ಅರ್ಧ ನಿಮಿಷದ ರೀಲಿಗೆ ಸ್ಕ್ರಿಪ್ಟ್ ಬರೆಯುವುದು ಪ್ರಕ್ರಿಯೆಗಳಿಗೆ ಸರಿ, ಹಂತ ತಪ್ಪಿದರೆ ಮಾತು ನಿಲ್ಲುತ್ತದೆ. ಇವೆರಡಕ್ಕೂ ಫೋನ್ ಬೇಕಿಲ್ಲ, ಕಾಗದದ ಮೇಲೇ ಆಗುತ್ತದೆ. ಎಲ್ಲ ಮನೆಯಲ್ಲೂ ಸ್ಮಾರ್ಟ್‌ಫೋನ್ ಇಲ್ಲ, ಇದ್ದರೂ ಹೆಣ್ಣುಮಕ್ಕಳ ಕೈಗೆ ಸುಲಭವಾಗಿ ಬರುವುದಿಲ್ಲ. ಮಕ್ಕಳ ಮುಖ ಇಂಟರ್‌ನೆಟ್ಟಿಗೆ ಹೋಗುವ ತೊಂದರೆಯೂ ತಪ್ಪುತ್ತದೆ.

ತರಗತಿಯಲ್ಲಿ ಇದನ್ನು ನಡೆಸುವಾಗ ಮುಖ್ಯವಾದದ್ದು ಕ್ರಮ. ಮೊದಲು ಪುಸ್ತಕ ಮುಚ್ಚಿಸಬೇಕು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ತೋರಿಸಿದ ಸಂಗತಿ ಶಿಕ್ಷಕರಿಗೆಲ್ಲ ಗೊತ್ತಿರಬೇಕಾದದ್ದು: ಓದಿದ್ದನ್ನೇ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು, ಆದರೆ ಒಂದು ವಾರ ಕಳೆದ ಮೇಲೆ ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರೇ ಮುಂದಿದ್ದರು. ಹಾಗಾಗಿ ಕರಪತ್ರವಾಗಲಿ ಫ್ಲೆಕ್ಸ್ ಆಗಲಿ, ಮೊದಲ ಕರಡು ನೆನಪಿನಿಂದಲೇ ಬರಬೇಕು. ಆಮೇಲೆ ಪುಸ್ತಕ ತೆರೆದು ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದುವುದು. ಆ ಬಣ್ಣದ ಗೆರೆಗಳು ಎಲ್ಲಿ ಹೆಚ್ಚಾಗಿವೆಯೋ ಮರುದಿನದ ಪಾಠ ಅಲ್ಲಿಂದ ಶುರು. ಕೊನೆಗೆ ಅದೇ ವಿಷಯವನ್ನು ಯಾವ ಅಲಂಕಾರವೂ ಇಲ್ಲದೆ ನಾಲ್ಕೈದು ವಾಕ್ಯಗಳಲ್ಲಿ ಬರೆಸಬೇಕು. ಈ ಹಂತವನ್ನು ಬಿಟ್ಟರೆ ಕೆಲಸ ಅರ್ಧಕ್ಕೇ ನಿಂತಂತೆ, ಏಕೆಂದರೆ ಪರೀಕ್ಷೆಯೂ ಮುಂದಿನ ತರಗತಿಯೂ ಕೇಳುವುದು ಗದ್ಯವನ್ನು. ಇಷ್ಟೂ ಒಂದು ಪೀರಿಯಡ್ಡಿನಲ್ಲಿ ಆಗುತ್ತದೆ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿಯೂ ಬಳಸಬಹುದು.

ಈ ವಿಧಾನ ದಾರಿ ತಪ್ಪುವುದು ಸ್ವಾರಸ್ಯ ಹೆಚ್ಚಾದಾಗ. 1998ರಲ್ಲಿ ಶಾನನ್ ಹಾರ್ಪ್ ಮತ್ತು ರಿಚರ್ಡ್ ಮೇಯರ್ ಮಿಂಚು ಹೇಗೆ ಹುಟ್ಟುತ್ತದೆ ಎಂಬ ಬರಹವನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ಸಿಡಿಲು ಬಡಿದವರ ರೋಚಕ ಸಂಗತಿಗಳನ್ನೂ ಸೇರಿಸಿದ ಪ್ರತಿಯನ್ನು ಓದಿದವರಿಗೆ ಮಿಂಚು ಹುಟ್ಟುವ ಹಂತಗಳು ಕಡಿಮೆ ನೆನಪಿದ್ದವು. ರಂಜನೆಗೆಂದು ಸೇರಿಸಿದ್ದೇ ಪಾಠವನ್ನು ನುಂಗಿತು. ಸಿನಿಮಾ ನಾಯಕನ ಡೈಲಾಗ್ ಹೇಳಿಸುವ ಸಂಭ್ರಮದಲ್ಲಿ ತರಗತಿ ನಕ್ಕು, ಚಪ್ಪಾಳೆ ತಟ್ಟಿ, ಪರಮಾಣುವಿನ ರಚನೆ ಮಾತ್ರ ಹಾಗೇ ಉಳಿದುಬಿಡುವುದು ಇದೇ ಕಾರಣಕ್ಕೆ. ಪರೀಕ್ಷಿಸಲು ಒಂದು ಉಪಾಯವಿದೆ: ಕೈಯಲ್ಲಿರುವ ಕರಪತ್ರದಲ್ಲಿ ಪಾಠದ ಹೆಸರನ್ನು ಅಳಿಸಿ ಬೇರೆ ಪಾಠದ ಹೆಸರು ಬರೆದರೂ ಅದು ನಡೆಯುತ್ತದೆ ಎಂದಾದರೆ ಅದರಲ್ಲಿ ಪಾಠ ಇಲ್ಲ.

ಟ್ರೆಂಡಿನ ಆಯುಸ್ಸು ಚಿಕ್ಕದು ಎಂಬುದೂ ತೊಡಕೇ. ಹಳ್ಳಿಯ ಹುಡುಗರೂ ಕುಣಿದು ಹಾಕುತ್ತಿದ್ದ ಟಿಕ್‌ಟಾಕ್ 2020ರ ಜೂನ್ ಕೊನೆಗೆ ಭಾರತದಲ್ಲಿ ನಿಷೇಧವಾಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಶಿಕ್ಷಕರು ಓಡಿ ಓಡಿ ಟ್ರೆಂಡನ್ನು ಹಿಡಿಯುವ ಹೊತ್ತಿಗೆ ಮಕ್ಕಳು ಅದನ್ನು ಬಿಟ್ಟಿರುತ್ತಾರೆ. ಯಾವ ರೂಪ ಎಂಬ ಆಯ್ಕೆ ಮಕ್ಕಳದೇ ಆದರೆ ಈ ಓಟ ಬೇಕಿಲ್ಲ. ಶಿಕ್ಷಕರು ಹೇಳಬೇಕಾದದ್ದು ಎಷ್ಟು ಪದ, ಯಾವ ಯಾವ ಅಂಶ ಇರಲೇಬೇಕು ಎಂಬುದನ್ನು. ಆಯ್ಕೆ ಬಿಟ್ಟುಕೊಟ್ಟಾಗ ಸಿನಿಮಾ ನೋಡದ ಮನೆಯ ಮಗುವಿಗೆ, ಕ್ರಿಕೆಟ್ ಹಿಡಿಸದ ಹುಡುಗಿಗೆ ದಾರಿ ಉಳಿಯುತ್ತದೆ. ಅವಳಿಗೆ ಸೋಬಾನೆಯ ಧಾಟಿ ಬರಬಹುದು, ಇನ್ನೊಬ್ಬನಿಗೆ ಸೋಮನ ಕುಣಿತದ ವೇಷ ಗೊತ್ತಿರಬಹುದು. ನಟರ ಅಭಿಮಾನಿಗಳ ಜಗಳ ತರಗತಿಯೊಳಗೆ ಬಾರದಂತೆ, ಮೈಬಣ್ಣವನ್ನೋ ಜಾತಿಯನ್ನೋ ಆಡಿಕೊಳ್ಳುವ ಮೀಮ್ ಮಾದರಿ ಹಾಳೆಯ ಮೇಲೆ ಬಾರದಂತೆ ನೋಡಿಕೊಳ್ಳುವುದು ಮಾತ್ರ ಶಿಕ್ಷಕರ ಜವಾಬ್ದಾರಿ, ಅದನ್ನು ಮಕ್ಕಳಿಗೆ ಬಿಡಲಾಗದು.

ಅಂಕ ಕೊಡುವಾಗ ಚಿತ್ರ ಎಷ್ಟು ಚೆಂದ ಎಂಬುದನ್ನು ಲೆಕ್ಕಕ್ಕೆ ಹಿಡಿಯಬಾರದು. ಮುಖ್ಯ ಅಂಶ ಬಂದಿದೆಯೇ, ತಪ್ಪು ಸಂಗತಿ ಸೇರಿದೆಯೇ, ಅಂಶಗಳ ನಡುವಿನ ಸಂಬಂಧ ಸರಿಯಿದೆಯೇ, ಮಾತು ಮಗುವಿನದೇ ಅಥವಾ ಗೈಡಿನದೇ ಎಂಬ ನಾಲ್ಕನ್ನು ನೋಡಿದರೆ ಸಾಕು. ಕೊನೆಯದನ್ನು ತಿಳಿಯಲು ಹಾಳೆಯನ್ನು ಪಕ್ಕಕ್ಕಿಟ್ಟು, ‘ಅಥವಾ’ದ ಬಲಕ್ಕೆ ಈ ಮಾತನ್ನೇ ಏಕೆ ಹಾಕಿದೆ ಎಂದು ಕೇಳಬೇಕು. ತಾನೇ ಕಟ್ಟಿದ ಮಾತಾದರೆ ಮಗು ಕಾರಣ ಹೇಳುತ್ತದೆ.